ಕೋವಿಯ ಮೇಲಿನ ಅಗ್ಗದ ಕಣ್ಣು

ಎದುರು ಮನೆಯ ಈರೇಶನ ಬಾಗಿಲು ತೆರೆಯಲೇ ಇಲ್ಲ. ಬಡಿದು ಬಡಿದು ಸೋತ ಹೆಂಗಸು ನಮ್ಮ ಬಾಗಿಲ ಪಕ್ಕದ ಮೆಟ್ಟಿಲ ಮೇಲೆ ಕುಸಿದು ಕೂತಳು. ಹೂಡಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಮನೆಯವರು ಸತ್ತರೂ ವಾಟ್ಸಾಪ್ ನೋಡಿಯೇ ತಿಳಿಯಬೇಕು. ಯಾರೂ ಹೊರಗೆ ಇಣುಕಲಿಲ್ಲ. ವೈನಿಯೊಬ್ಬರೇ ಬಾಗಿಲು ತೆಗೆದರು.

ವೈನಿ ಅಂದರೆ ನನ್ನ ಅಣ್ಣನ ಹೆಂಡತಿ, ಮಹಾದೇವಿ. ಪೊಲೀಸರ ಪ್ರಯೋಗಾಲಯದಲ್ಲಿ ಕೋವಿ, ತೋಟಾಗಳನ್ನು ಪರೀಕ್ಷಿಸುತ್ತಲೇ ಕೂದಲು ಹಣ್ಣು ಮಾಡಿಕೊಂಡವರು. ಅಣ್ಣ ಹೋದ ಮೇಲೆ ಈ ಮನೆಯಲ್ಲಿ ನಾವಿಬ್ಬರು ಹೆಂಗಸರೇ. ಅವರದು ಮಾತು ಕಡಿಮೆ. ಅವರ ಪಾಲಿನದನ್ನೂ ನಾನೇ ಆಡಿಬಿಡುತ್ತೇನೆ.

"ಒಳಗ ಬರ್ರಿ ತಾಯಿ. ಮೊದಲ ನೀರು ಕುಡೀರಿ," ಎಂದರು ವೈನಿ.

ಆಕೆಯ ಹೆಸರು ಪಿಳ್ಳಮ್ಮ, ತುಮಕೂರು ರಸ್ತೆಯ ಮಾಕಳಿಯವರು. ಮೂರು ಮಾತಿಗೊಮ್ಮೆ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ಹೇಳಿದರು. ಅವರ ರಾಗಿ ಹೊಲಕ್ಕೆ ಕಾಡುಹಂದಿ ಬೀಳುತ್ತಿತ್ತು. ಬೆಳೆ ಕಾಯಲು ಗಂಡ ಕೃಷ್ಣಪ್ಪನ ಹೆಸರಲ್ಲಿ ಲೈಸೆನ್ಸ್ ಇರುವ ಹಳೆಯ ಕೋವಿಯಿತ್ತು. ಕಳೆದ ವಾರ ಅದೇ ಕೋವಿಯ ಗುಂಡಿಗೆ ಪಿಳ್ಳಮ್ಮನ ಒಡಹುಟ್ಟಿದ ತಮ್ಮ ಮುನಿಯಣ್ಣ ಸತ್ತಿದ್ದ. ರಾತ್ರಿ ಕರೆಂಟು ಬಂದಾಗ ನೀರು ತಿರುಗಿಸಲು ಕಾಲುವೆಯ ಹತ್ತಿರ ಬಗ್ಗಿದ್ದನಂತೆ.

"ನಮ್ಮೆಜಮಾನ್ರು ನಾನೇ ಒಡ್ದೆ ಅಂತ ಸ್ಟೇಷನ್ನಾಗೆ ಒಪ್ಕೊಂಡವ್ರೆ. ಸುಳ್ಳಮ್ಮ ಅದು. ಕತ್ಲಾಗೆ ಎಜ್ಜೆ ಸದ್ದು ಕೇಳುದ್ರೆ ಸಾಕು, ಇದು ಹಂದಿ, ಇದು ಮುನಿಯ ಅಂತ ಯೋಳೋ ಮನ್ಸ ಅವ್ರು. ಒಡ್ದಿರೋನು ಈ ಎದುರು ಮನೆಯೋನು. ಬೇಟೆ ಬೇಟೆ ಅಂತ ಕಾರಾಕ್ಕೊಂಡು ಬತ್ತಿದ್ದೋನು ಅವ್ನೇ."

ನನಗೆ ಮೈಯೆಲ್ಲ ಉರಿಯಿತು. ಈರೇಶನದು ಹಾವೇರಿ ಕಡೆಯ ಮನೆತನ, ಕೊರಳಲ್ಲಿ ಲಿಂಗ, ಅಡುಗೆಮನೆಗೆ ಮೊಟ್ಟೆಯೂ ಬರುವಂತಿಲ್ಲ. ಶನಿವಾರ ಶನಿವಾರ ಆಫೀಸಿನ ಕೆಲಸ ಎಂದು ಹೆಂಡತಿಗೆ ಹೇಳಿ ಹೋಗುತ್ತಿದ್ದದ್ದು ಈ ಬೇಟೆಗೆ! ಇವನೇ ಕೊಂದವನು ಎಂದು ನಾನು ಆಗಲೇ ತೀರ್ಮಾನಿಸಿಬಿಟ್ಟೆ.

"ನಿಮ್ಮ ಯಜಮಾನರು ತಾವಾಗಿ ಒಪ್ಪಿಕೊಂಡಾರ. ಅದನ್ನ ಕೆದಕಿದ್ರ ಏನು ಬರ್ತದೋ ನನಗ ಗೊತ್ತಿಲ್ಲ. ಆದರೂ ನೋಡ್ಲಿ?" ಎಂದು ವೈನಿ ಕೇಳಿದರು.

"ನೋಡಮ್ಮ. ನನ್ ಗಂಡ ಈಚ್ಗೆ ಬರ್ಬೇಕು. ತಮ್ಮನ್ನ ಮಣ್ಣು ಮಾಡಿವ್ನಿ, ಇನ್ನು ಇವ್ರೂ ಇಲ್ದಿದ್ರೆ ನಾನೆಂಗಿರ್ಲಿ?"

ವೈನಿ ಕರೆದರೆ ಈರೇಶ ಬಾಗಿಲು ತೆಗೆದ. ಮುಖ ಬಿಳುಚಿಕೊಂಡಿತ್ತು. ಮೊದಲು ಹೋಗಿರಲೇ ಇಲ್ಲವೆಂದ. ವೈನಿ ಸುಮ್ಮನೆ ನೋಡುತ್ತ ನಿಂತಾಗ ಬಾಯಿಬಿಟ್ಟ.

"ಹೋಗಿದ್ದೆ ಆಂಟಿ. ಆದರೆ ರಸ್ತೆ ಬದಿ ಕಾರಲ್ಲಿ ಮಲಗಿಬಿಟ್ಟಿದ್ದೆ. ಕೋವಿ ಹೊಲದ ಶೆಡ್ಡಲ್ಲೇ ಇತ್ತು. ಶಬ್ದ ಕೇಳಿ ಎದ್ದೆ. ಮನೇಲಿ ಗೊತ್ತಾದ್ರೆ ಮುಗೀತು ಅಂತ ಹೊರಟು ಬಂದೆ."

ಕೋವಿಯ ಮೇಲಿದ್ದ ಥರ್ಮಲ್ ಸ್ಕೋಪ್ ಅವನದೇ. ಅದು ಕತ್ತಲಲ್ಲಿ ಮೈಯ ಬಿಸಿಯನ್ನು ಹಿಡಿದು ಒಳಗಿನ ಪುಟ್ಟ ಪರದೆಯ ಮೇಲೆ ಬಿಳಿಯಾಗಿ ತೋರಿಸುವ ಕೊಳವೆ. ಅದರ ಮಾತು ಬಂದದ್ದೇ ತಡ, ಇವನಿಗೆ ಸಾವು ನೋವು ಮರೆತೇಹೋಯಿತು.

"ತಿಂಗಳುಗಟ್ಟಲೆ ಹುಡುಕಿದೆ. ದೊಡ್ಡ ಮಾಡೆಲ್ ತಗೊಂಡ್ರೆ ಹೊಲದ ಆ ತುದೀಲಿರೋ ಹಂದಿಯ ಕಿವಿನೂ ಕಾಣುತ್ತೆ. ನನ್ನ ಬಜೆಟ್‌ಗೆ ಸಿಕ್ಕಿದ್ದರಲ್ಲಿ ಅಷ್ಟು ದೂರಕ್ಕೆ ಒಂದು ಬಿಳಿ ಮುದ್ದೆ ಕಾಣುತ್ತೆ, ಅಷ್ಟೇ. 'ಏನೋ ಇದೆ ಅಂತ ಹೇಳುತ್ತೆ, ಏನಿದೆ ಅಂತ ಹೇಳಲ್ಲ' ಅಂತ ಮಾರುವವನೇ ಹೇಳಿದ್ದ. ಅಲ್ಲಿಗೆ ಹಂದಿ ಬಿಟ್ಟು ಇನ್ನೇನು ಬರುತ್ತೆ, ಸಾಕು ಅಂತ ತಗೊಂಡೆ. ಕೋವಿಗೆ ಕೂರಿಸೋ ಹಿಡಿಕೆನ ಕೃಷ್ಣಪ್ಪನ ಮಗ ನಂದೀಶನೇ ಪೀಣ್ಯದಲ್ಲಿ ಅವನ ಫ್ಯಾಕ್ಟರಿ ಲೇತ್‌ನಲ್ಲಿ ಮಾಡಿಕೊಟ್ಟ."

"ಕನ್ನಡಕ ಹಾಕ್ಕೊಂಡೇ ನೋಡತಿಯೇನಪಾ?"

"ಇಲ್ಲ, ಗುಂಡು ಹಾರಿದಾಗ ಕೋವಿ ಹಿಂದಕ್ಕೆ ಒದ್ದರೆ ಗಾಜು ಪುಡಿಯಾಗುತ್ತೆ. ತೆಗೆದಿಟ್ಟು, ಸ್ಕೋಪಿನ ಹಿಂದಿನ ಬಳೆ ತಿರುಗಿಸಿ ನನ್ನ ಕಣ್ಣಿಗೆ ಹೊಂದಿಸ್ಕೊತೀನಿ. ಅವತ್ತು ಸಂಜೆನೂ ಹೊಂದಿಸಿಟ್ಟಿದ್ದೆ."

ಅವನ ಕನ್ನಡಕದ ಗಾಜು ಸೋಡಾ ಬಾಟಲಿಯ ತಳದಷ್ಟು ದಪ್ಪ.

ಮರುದಿನ ಮೆಟ್ರೋದಲ್ಲಿ ಮಾದಾವರದವರೆಗೆ ಹೋಗಿ, ಅಲ್ಲಿಂದ ಆಟೋ ಹಿಡಿದು ಸ್ಟೇಷನ್ ಸೇರಿದೆವು. ಇನ್‌ಸ್ಪೆಕ್ಟರ್ ವೆಂಕಟೇಶಪ್ಪ ವೈನಿಯ ಹಳೆಯ ಪರಿಚಯ. ಕೃಷ್ಣಪ್ಪನ ಹೇಳಿಕೆಯನ್ನು ಅವರೇ ಓದಿದರು: "ದುರ್ಬೀನಿನಲ್ಲಿ ಎರಡು ಕಣ್ಣು ಕೆಂಡದಂತೆ ಹೊಳೆದವು. ಹಂದಿಯೆಂದು ಹೊಡೆದೆ."

"ಕೋವೀನೆಲ್ಲ ಎಣ್ಣೆ ಬಟ್ಟೆಲಿ ಒರೆಸಿಬಿಟ್ಟವ್ರೆ ಮೇಡಂ, ಬೆರಳಚ್ಚು ಸಿಗಲಿಲ್ಲ. ಸ್ಕೋಪನ್ನ ಆವತ್ತೇ ಸೀಲ್ ಮಾಡಿದ್ವಿ," ಎಂದರು ಇನ್‌ಸ್ಪೆಕ್ಟರ್.

ಅವರೆದುರೇ ಸೀಲ್ ಬಿಚ್ಚಿಸಿ, ಸ್ಕೋಪನ್ನು ಚಾಲೂ ಮಾಡಿ, ಬೇರೇನನ್ನೂ ತಿರುಗಿಸದೆ ವೈನಿ ಕಣ್ಣಿಟ್ಟರು. ನನಗೂ ಕೊಟ್ಟರು. ಪರದೆಯ ಮೂಲೆಯ ಸಣ್ಣ ಅಂಕಿಗಳೂ ಸ್ಪಷ್ಟವಾಗಿ ಕಂಡವು. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ನಮ್ಮಿಬ್ಬರಿಗೂ ದೂರ ನೋಡಲು ಕನ್ನಡಕ ಬೇಕಿಲ್ಲ. ವೈನಿಯ ಮುಖ ಸಪ್ಪಗಾಯಿತು.

ಅಂದೇ ಮಧ್ಯಾಹ್ನ ಎಲ್ಲರೂ ಮಾಕಳಿಯಲ್ಲಿ, ಕೃಷ್ಣಪ್ಪನ ಮನೆಯ ಜಗಲಿಯ ಮೇಲೆ ಸೇರಿದೆವು. ಮಹಜರಿಗೆಂದು ಕೃಷ್ಣಪ್ಪನನ್ನು ಕರೆತಂದಿದ್ದರು. ಈರೇಶನೂ ಬಂದಿದ್ದ. ನಂದೀಶ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದ; ಅವನಿಗೆ ಕನ್ನಡಕವಿರಲಿಲ್ಲ. ಪಿಳ್ಳಮ್ಮ ಗಂಡನ ಕಾಲ ಬಳಿ ಕೂತು, ಈಗ ಬಿಡಿಸುತ್ತಾರೆ ಎಂಬ ನಂಬಿಕೆಯಲ್ಲಿ ವೈನಿಯ ಬಾಯನ್ನೇ ನೋಡುತ್ತಿದ್ದರು.

"ಆ ರಾತ್ರಿ ಹೊಲದ ಕಡೆ ಇದ್ದವರು, ಸತ್ತವನ ಬಿಟ್ಟು, ಅಪ್ಪ, ಮಗ, ಈರೇಶ, ನೀವು ಮೂರೇ ಮಂದಿ," ಎಂದು ವೈನಿ ಶುರು ಮಾಡಿದರು. "ಕೃಷ್ಣಪ್ಪನವರ, ನೀವು ಎಷ್ಟು ವರ್ಷ ಟಾರ್ಚ್ ಹಿಡಿದು ಹಂದಿ ಕಾಯ್ದೀರಿ?"

"ಮೀಸೆ ಬಂದಾಗಿನಿಂದ್ಲೂ ಕಣವ್ವ."

"ಟಾರ್ಚ್ ಬಿಟ್ಟಾಗ ಪ್ರಾಣಿ ಕಣ್ಣು ಹೊಳೀತಾವ. ಅದು ಬೆಳಕು ಬಡಿದು ತಿರುಗಿ ಬರೂದರಿಂದ. ಈ ಸ್ಕೋಪಿನ್ಯಾಗ ಬೆಳಕೇ ಇಲ್ಲ, ಮೈಯ ಬಿಸಿ ಅಷ್ಟ ಕಾಣತದ. ಕಣ್ಣು ಹೊಳೆಯಂಗಿಲ್ಲ. ನೀವು ಒಮ್ಮೆಯೂ ಇದರೊಳಗ ನೋಡಿಲ್ಲ. ನಿಮಗ ಗೊತ್ತಿದ್ದ ಟಾರ್ಚ್ ಬೇಟೇನ ಹೇಳಿಕೆಯಾಗ ಬರೆಸೀರಿ."

"ಹೊಳೀತು ಕಣವ್ವ. ನಾನೇ ನೋಡ್ದೆ," ಎಂದ ಕೃಷ್ಣಪ್ಪ.

"ನಾನು ಯೋಳ್ಲಿಲ್ವ!" ಎಂದು ಪಿಳ್ಳಮ್ಮ ಈರೇಶನ ಕಡೆ ಕೈ ತೋರಿಸಿದರು. ನಾನೂ ಅವನನ್ನೇ ದುರುಗುಟ್ಟಿ ನೋಡಿದೆ.

ವೈನಿ ಸ್ಕೋಪನ್ನು ಈರೇಶನಿಗೆ ಕೊಟ್ಟರು. ಅವನು ಅಭ್ಯಾಸದಂತೆ ಕನ್ನಡಕ ತೆಗೆದು ಕಣ್ಣಿಟ್ಟ. "ಏನೂ ಕಾಣಲ್ಲ, ಎಲ್ಲ ಮಂಜು," ಎನ್ನುತ್ತ ಬಳೆಯನ್ನು ಉದ್ದಕ್ಕೆ ತಿರುಗಿಸಿದ. ಆಮೇಲೆ ಸರಿಹೋಯಿತೆಂದ.

"ಇನ್‌ಸ್ಪೆಕ್ಟರ್ ಸಾಹೇಬರ, ನೋಡಿದ್ರಿ?" ಎಂದರು ವೈನಿ. "ಸಂಜೆ ಇವನ ಕಣ್ಣಿಗೆ ಹೊಂದಿಸಿದ್ದ ಬಳೆ, ನೀವು ಸೀಲ್ ಮಾಡೂದರಾಗ ಕನ್ನಡಕ ಬೇಡದ ಕಣ್ಣಿಗೆ ತಿರುಗಿತ್ತು. ನಮ್ಮಿಬ್ಬರಿಗೂ ತಿರುಗಸದೇ ಸ್ವಚ್ಛ ಕಂಡಿತು. ಅಂದರ ಇವನ ನಂತರ ಇನ್ನೊಬ್ಬರು ತಮ್ಮ ಕಣ್ಣಿಗೆ ಹೊಂದಿಸಿಕೊಂಡು ನೋಡ್ಯಾರ. ಅದು ಯಾಕ ತಿರುಗಸೂದು ಅಂತ ಗೊತ್ತಿದ್ದವರು. ಕೃಷ್ಣಪ್ಪನವರು ಕೋವಿ ಒರೆಸಿದ್ರು. ಈ ಬಳೆಯ ಸಂಗತಿ ಅವರಿಗೆ ಗೊತ್ತಿರಲಿಲ್ಲ."

ಕೋವಿಗೆ ಹಿಡಿಕೆ ಮಾಡಿಕೊಟ್ಟವನ ನೆನಪಾಗಿ, ಆಗ ನನಗೆ ಹೊಳೆಯಿತು. ಹೊಳೆದದ್ದೇ ಬೇಡವೆನಿಸಿತು. ವೈನಿ ಯಾರ ಹೆಸರನ್ನೂ ಹೇಳಲಿಲ್ಲ.

"ಕಣ್ಣು ಹೊಳೀತು ಅಂತ ನಾನು ಯೋಳ್ತಾ ಇವ್ನಲ್ಲ!" ಎಂದು ಕೃಷ್ಣಪ್ಪ ಮತ್ತೆ ಗದರಿದ. "ಬರ್ಕೊಳ್ಳಿ ಸ್ವಾಮಿ, ನಾನೇ ಒಡ್ದಿದ್ದು."

"ಸಾಕು ಬಿಡಪ್ಪ," ಎಂದ ನಂದೀಶ. "ಅದ್ರಲ್ಲಿ ಕಣ್ಣು ಕಾಣಲ್ಲ. ಬೆಳ್ಳಗೆ ಒಂದು ಉಂಡೆ ಕಾಣ್ತು. ತಲೆ ಯಾವುದು, ಕಾಲು ಯಾವುದು, ಏನೂ ಗೊತ್ತಾಗ್ಲಿಲ್ಲ. ಮಾವ ಕಂಬಳಿ ಹೊದ್ಕೊಂಡು ಬಗ್ಗಿದ್ದ. ಹಂದಿ ಅಂದ್ಕೊಂಡೆ."

ಕೃಷ್ಣಪ್ಪ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಎತ್ತಿ ಆಡಿಸಿದ ಸೋದರಮಾವನನ್ನು ಕೊಂದ ಹುಡುಗ ಅಳಲೂ ಇಲ್ಲ. ವೆಂಕಟೇಶಪ್ಪ ಅವನ ತೋಳು ಹಿಡಿದು ಜೀಪಿಗೆ ಹತ್ತಿಸಿದರು. ಈರೇಶನ ಮೇಲೂ ಕೇಸು ಹಾಕುವುದಾಗಿ ಹೇಳಿದರು; ಅವನ ವಕೀಲ ಆಗಲೇ ಫೋನಿನಲ್ಲಿದ್ದ.

ಕಾರು ಹತ್ತುವ ಮುಂಚೆ ಈರೇಶ ನನ್ನ ಬಳಿ ಬಂದು, "ಆ ದೊಡ್ಡ ಮಾಡೆಲ್ಲೇ ತಗೋಬೇಕಿತ್ತು ಆಂಟಿ," ಎಂದ. ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ವೈನಿ ನನ್ನ ಕೈ ಹಿಡಿದುಕೊಂಡರು.

ಜೀಪು ರಸ್ತೆಯ ತಿರುವು ದಾಟುವವರೆಗೂ ಪಿಳ್ಳಮ್ಮ ಅಂಗಳದಲ್ಲಿ ನಿಂತಿದ್ದರು. ಆಮೇಲೆ ವೈನಿಯ ಎದುರು ಬಂದರು. ಬೈಯುತ್ತಾರೆಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ನಂಗೆ ಗೊತ್ತಾಗ್ಲಿಲ್ಲ ಅಂತ ಒಂದು ಸುಳ್ಳು ಯೋಳಿದ್ರೆ ಆಯ್ತಿರ್ಲಿಲ್ವ ತಾಯಿ," ಎಂದರು. "ಇವ್ರು ಬೇಕು ಅಂತ್ಲೇ ಜೈಲಿಗೆ ಓಗಿದ್ರು. ನಾನೇ ಕರ್ಕೊಂಡು ಬಂದು ಮಗನ್ನ ತೋರ್ಸ್‌ಬಿಟ್ನಲ್ಲ."