ಹೂಲಿತಾ ಅತ್ತೆಯ ಬೆಳಗಿನ ವಾಕಿಂಗ್

"ಈ ತೂಕದ ಮೆಷಿನ್ ಕೆಟ್ಟಿದೆ," ಎಂದರು ಹೂಲಿತಾ ಅತ್ತೆ.

"ಮೆಷಿನ್ ಸರಿಯಾಗೇ ಇದೆ, ಅಮ್ಮಾ. ಈಗ ತಾನೇ ನಾನೂ ಹತ್ತಿ ನೋಡಿದೆ," ಎಂದಳು ನರ್ಸ್ ಎಮೆಲೀನೆ.

"ಹಾಗಾದ್ರೆ ಇದು ಚಾಪೆ ಭಾರ. ತಾಳು."

ಅತ್ತೆ ಕೆಳಗಿಳಿದು, ಸೊಂಟಕ್ಕೆ ಸುತ್ತಿಕೊಂಡಿದ್ದ ಚಾಪೆ ಬಿಚ್ಚಿ ತಮ್ಮನ ಮಗಳು ಲೂಪೆಯ ಕೈಗೆ ಕೊಟ್ಟರು. ಟೋಂಗಾದಲ್ಲಿ ಚರ್ಚಿಗಾಗಲಿ ಆಸ್ಪತ್ರೆಗಾಗಲಿ ಬಟ್ಟೆಯ ಮೇಲೆ ಚಾಪೆ ಸುತ್ತದೆ ಹೋದರೆ ಮರ್ಯಾದೆ ಉಳಿಯುತ್ತದೆಯೇ? ಅದು ಮುತ್ತಜ್ಜಿಯ ಕಾಲದ ಚಾಪೆ. ಲೂಪೆ ಅದನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಮೆಷಿನ್ನಿನ ಮುಳ್ಳನ್ನೇ ನೋಡಿದಳು. ಅತ್ತೆ ಮತ್ತೆ ಹತ್ತಿದರು.

ಮುಳ್ಳು ಅತ್ತಿತ್ತ ಓಲಾಡಿ ನೂರ ಇಪ್ಪತ್ತು ಕಿಲೋಗೆ ಬಂದು ನಿಂತಿತು. ಹೋದ ತಿಂಗಳು ಅದು ನೂರ ಹದಿನೆಂಟರಲ್ಲಿತ್ತು.

"ಅದು ಹೇಗಾಗುತ್ತೆ?" ಲೂಪೆಗೆ ಅಳುವೇ ಬಂತು. "ದಿನಾ ವಾಕಿಂಗ್ ಮಾಡಿದ್ದೀವಿ, ಸಿಸ್ಟರ್! ಮನೆಯಿಂದ ಹಡಗುಕಟ್ಟೆ ತನಕ, ಅಲ್ಲಿಂದ ವಾಪಸ್ ಮನೆಗೆ. ಭಾನುವಾರ ಒಂದು ಬಿಟ್ಟು ಯಾವತ್ತೂ ತಪ್ಪಿಸಿಲ್ಲ. ಮಳೆ ಬಂದಾಗ್ಲೂ!"

ಎಮೆಲೀನೆ ಅತ್ತೆಯ ಕಡೆ ತಿರುಗಿದಳು. "ಬೆಳಿಗ್ಗೆ ಮನೇಲಿ ಏನು ತಿಂತೀರಿ?"

"ಮನೇಲಾ? ಒಂದು ಲೋಟ ಟೀ. ಹಾಲಿಲ್ಲ, ಸಕ್ಕರೆ ಇಲ್ಲ. ಬೇಕಾದ್ರೆ ಬೈಬಲ್ ಮೇಲೆ ಕೈಯಿಟ್ಟು ಹೇಳ್ತೀನಿ."

ನರ್ಸ್ ತಲೆ ಕೆರೆದುಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು. "ಸಕ್ಕರೆ ಕಾಯಿಲೆ ಜಾಸ್ತಿಯಾಗಿದೆ. ಕಾಲ್ಬೆರಳುಗಳಿಗೆ ಹೀಗೆ ಜೋಮು ಹಿಡಿಯೋದು ಒಳ್ಳೇದಲ್ಲ, ಅಮ್ಮಾ. ಮುಂದಿನ ತಿಂಗಳೂ ತೂಕ ಇಳೀಲಿಲ್ಲ ಅಂದ್ರೆ ಹಡಗು ಹತ್ತಿಸಿ ದೊಡ್ಡಾಸ್ಪತ್ರೆಗೆ ಕಳಿಸ್ತೀನಿ."

ಪಕ್ಕದ ಮನೆಯ ಫೆಲೇತಿ ತಾತ ಹೋದ ವರ್ಷ ಅದೇ ಹಡಗಿನಲ್ಲಿ ದೊಡ್ಡಾಸ್ಪತ್ರೆಗೆ ಹೋಗಿದ್ದ. ಹೋಗುವಾಗ ಎರಡು ಕಾಲಿದ್ದವು, ಬರುವಾಗ ಒಂದೇ. ಲೂಪೆ ಚಾಪೆಯನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡಳು.

ರಾತ್ರಿ ಊಟದ ಹೊತ್ತಿಗೆ ಅತ್ತೆ ಚರ್ಚಿನ ಹಾಡಿನ ಪ್ರಾಕ್ಟೀಸಿಗೆ ಹೋದರು. ಅವರು ಹೋದದ್ದೇ ತಡ, ಮನೆಯಲ್ಲಿ ಚರ್ಚೆ ಶುರುವಾಯಿತು.

"ಇನ್ನೂ ಜಾಸ್ತಿ ನಡೀಬೇಕು. ಹಡಗುಕಟ್ಟೆಗೆ ಎರಡು ಸಲ ಹೋಗಿ ಬರಲಿ," ಎಂದ ಅಪ್ಪ.

"ಬರೀ ಕಾಲು ಸವೆಸಿದ್ರೆ ಆಯ್ತಾ? ಬಾಯಿ ಕಟ್ಟಬೇಕು," ಎಂದಳು ಅಮ್ಮ.

"ಹಾಗಾದ್ರೆ ನೀನೇ ಹೇಳು."

"ನಾನಾ? ಅತ್ತಿಗೆಗೆ? ನನ್ನ ತಲೆ ಕೆಟ್ಟಿದೆಯಾ? ನಿಮ್ಮಕ್ಕ ತಾನೇ, ನೀವೇ ಹೇಳಿ."

ಅಪ್ಪ ತಟ್ಟೆಗೆ ಇನ್ನಷ್ಟು ಗೆಣಸು ಹಾಕಿಕೊಂಡ. ಟೋಂಗಾದಲ್ಲಿ ಅಕ್ಕನ ಮುಂದೆ ತಮ್ಮ ಗಟ್ಟಿಯಾಗಿ ಸೀನುವುದಕ್ಕೂ ಯೋಚಿಸುತ್ತಾನೆ. ಇನ್ನು 'ಅಕ್ಕ, ನೀನು ಜಾಸ್ತಿ ತಿಂತೀಯ' ಎನ್ನುವುದುಂಟೇ! ತಮ್ಮನ ಮಕ್ಕಳಿಗಂತೂ ಸೋದರತ್ತೆ ಅಂದರೆ ರಾಜನಿಗಿಂತ ಒಂದು ಮೆಟ್ಟಿಲು ಮೇಲೆ. ಹಬ್ಬದ ಊಟದಲ್ಲಿ ಮೊದಲ ತುತ್ತು ಅತ್ತೆಯದು, ಒಳ್ಳೆಯ ಚಾಪೆ ಅತ್ತೆಗೆ, ಕೊನೆಯ ಮಾತೂ ಅತ್ತೆಯದೇ.

"ಅಕ್ಕ ಏನೂ ತಿನ್ನಲ್ವಲ್ಲೇ ಮನೇಲಿ!" ಎಂದ ಅಪ್ಪ.

ಮನೇಲಿ. ಆ ಮಾತು ಲೂಪೆಯ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತು.

ಹಡಗುಕಟ್ಟೆಯ ದಾರಿಯಲ್ಲಿ ಹನ್ನೊಂದು ಮನೆಗಳಿವೆ. ಬೀದಿಯಲ್ಲಿ ಯಾರು ಹೋದರೂ "ಬನ್ನಿ, ಊಟ ಮಾಡಿ!" ಎಂದು ಕೂಗುವುದು ಈ ಎಉವಾ ದ್ವೀಪದ ಪದ್ಧತಿ. ಬೇರೆಯವರು "ಈಗ ತಾನೇ ಆಯ್ತು" ಎಂದು ನಕ್ಕು ಮುಂದೆ ಹೋಗುತ್ತಾರೆ. ಅತ್ತೆಗೆ ಅದು ಬಾರದು. ಕರೆದವರ ಮನಸ್ಸು ನೋಯಿಸಬಾರದಲ್ಲ? ಒಂದು ಮನೆಯಲ್ಲಿ ತೆಂಗಿನ ಹಾಲಲ್ಲಿ ಬೆಂದ ಕೆಸುವಿನೆಲೆ, ಇನ್ನೊಂದರಲ್ಲಿ ಬೆಣ್ಣೆ ಬಳಿದ ಬ್ರೆಡ್ಡು, ಮತ್ತೊಂದರಲ್ಲಿ ನಿನ್ನೆಯ ಕೊಬ್ಬು ತುಂಬಿದ ಕುರಿಮಾಂಸ. ಜೊತೆಗೆ ಹೋದ ಲೂಪೆಗೂ ಪಾಲಿತ್ತು. ಮೊನ್ನೆ ಸ್ಕೂಲಿನಲ್ಲಿ ಅವಳ ಸ್ಕರ್ಟಿನ ಗುಂಡಿ ಪಟ್ಟೆಂದು ಕಿತ್ತು ಟೀಚರ್ ಮೇಜಿನ ಕೆಳಗೆ ಉರುಳಿ ಹೋಗಿತ್ತು. ಯಾಕೆ ಎಂದು ಈಗ ಹೊಳೆಯಿತು.

ನಾವು ನಡೆಯುತ್ತಿರಲಿಲ್ಲ, ಮನೆಯಿಂದ ಮನೆಗೆ ಊಟಕ್ಕೆ ಹೋಗುತ್ತಿದ್ದೆವು! ಲೂಪೆಗೆ ನಾಚಿಕೆಯಾಯಿತು. ಆದರೆ ಅತ್ತೆಗೆ ಹೇಳುವವರು ಯಾರು? ಅಪ್ಪನಿಗೇ ಬಾರದ ಧೈರ್ಯ ಅವಳಿಗೆ ಎಲ್ಲಿಂದ ಬರಬೇಕು?

ಮರುದಿನ ಬೆಳಿಗ್ಗೆ ಗೇಟು ದಾಟಿದ ಮೇಲೆ ಅತ್ತೆ ಎಡಕ್ಕೆ ತಿರುಗಿದರು. ಲೂಪೆ ಬಲಕ್ಕೆ ನಿಂತಳು.

"ಅತ್ತೆ, ಇವತ್ತು ಗುಡ್ಡದ ಕಡೆ ಹೋಗೋಣ್ವಾ?"

"ಗುಡ್ಡಕ್ಕಾ? ಅಲ್ಲಿ ಯಾರಿದ್ದಾರೆ? ಒಂದು ಮನೆ ಬಿಟ್ರೆ ಬರೀ ಮೇಕೆಗಳು."

"ಅದಕ್ಕೇ, ಅತ್ತೆ."

ಹೇಳಿಬಿಟ್ಟಿದ್ದಳು. ಅತ್ತೆ ಅವಳನ್ನು ನೋಡಿದರು. ಹಡಗುಕಟ್ಟೆಯ ದಾರಿಯನ್ನು ನೋಡಿದರು. ಅಲ್ಲಿ ಮೊದಲ ಮನೆಯ ಅಡುಗೆಮನೆಯಿಂದ ಹೊಗೆ ಏಳುತ್ತಿತ್ತು. ಅತ್ತೆಯ ಮುಖ ಕೆಂಪಾಯಿತು.

"ಗೇಣುದ್ದ ಇದ್ದೀಯ, ಮಾತು ನೋಡು!" ಎಂದರು. ಆದರೆ ಬಲಕ್ಕೆ ತಿರುಗಿದರು.

ಗುಡ್ಡದ ಬುಡದಲ್ಲಿರುವುದು ಸುಲಿಯೆತಿ ಅಜ್ಜಿಯ ಮನೆ. ಅದೃಷ್ಟಕ್ಕೆ ಅಜ್ಜಿ ಇನ್ನೂ ಎದ್ದಿರಲಿಲ್ಲ. ಆಮೇಲೆ ಬರೀ ಕಲ್ಲು, ಹುಲ್ಲು, ಏರು. ಅತ್ತೆ ಹತ್ತು ಹೆಜ್ಜೆಗೊಮ್ಮೆ ನಿಂತರು. ಬೆವರಿನಿಂದ ಅಂಗಿ ಬೆನ್ನಿಗೆ ಅಂಟಿಕೊಂಡಿತು. "ನನ್ನ ಹೆಣ ಹೊರೋಕೆ ಎಂಟು ಜನ ಬೇಕು, ನೆನಪಿಟ್ಕೋ," ಎಂದು ಗೊಣಗಿದರು. ಆದರೂ ಹಿಂದಿರುಗೋಣ ಎನ್ನಲಿಲ್ಲ.

ತುದಿ ತಲುಪಿದಾಗ ಬಿಸಿಲು ಆಗಷ್ಟೇ ನೀರಿಗೆ ಬಿದ್ದಿತ್ತು. ಇಬ್ಬರೂ ಬಂಡೆಯ ಮೇಲೆ ಕುಳಿತರು.

ಆಗ ಕೆಳಗೆ ಸಮುದ್ರ ಒಡೆಯಿತು.

ಮೊದಲು ಕಪ್ಪು ಮೂತಿ, ಆಮೇಲೆ ಬಿಳಿ ಹೊಟ್ಟೆ. ಅದು ಏಳುತ್ತಲೇ ಇತ್ತು, ಮುಗಿಯಲೇ ಇಲ್ಲ. ಚರ್ಚಿಗಿಂತ ದೊಡ್ಡದು ಎನಿಸಿತು ಲೂಪೆಗೆ. ತಿಮಿಂಗಿಲ ಇಡೀ ಮೈ ಹೊರಳಿಸಿ ನೀರಿಗೆ ಬಿತ್ತು. ಬಿದ್ದದ್ದು ಕಂಡಿತು, ಆದರೆ ಸದ್ದಿಲ್ಲ. ಒಂದು ಕ್ಷಣ ಬಿಟ್ಟು ಧಡ್ ಎಂಬ ಸದ್ದು ಗುಡ್ಡದ ಮೇಲಕ್ಕೆ ಬಂದು ಅವಳ ಎದೆಗೇ ಬಡಿಯಿತು.

ಲೂಪೆ ಎದ್ದು ನಿಂತಳು. ದೋಣಿಯವರು ತಿಮಿಂಗಿಲದ ಕತೆ ಹೇಳುವುದನ್ನು ಎಷ್ಟೋ ಸಲ ಕೇಳಿದ್ದಳು. ಅಷ್ಟು ಭಾರದ ಮೈ ಅಷ್ಟು ಹಗುರವಾಗಿ ಗಾಳಿಗೆ ಏಳುತ್ತದೆ ಎಂದು ಯಾರೂ ಹೇಳಿರಲಿಲ್ಲ.

"ಪಕ್ಕದಲ್ಲಿ ನೋಡು," ಅತ್ತೆ ಪಿಸುಗುಟ್ಟಿದರು. "ಮರಿ."

ತಾಯಿಯ ಪಕ್ಕಕ್ಕೆ ಅಂಟಿಕೊಂಡು ಒಂದು ಪುಟ್ಟ ಬೆನ್ನು ಏಳುತ್ತಿತ್ತು, ಮುಳುಗುತ್ತಿತ್ತು.

"ನನ್ನಪ್ಪ ಹೇಳ್ತಿದ್ದ," ಎಂದರು ಅತ್ತೆ. "ಅವಳು ಮಂಜಿನ ಸಮುದ್ರದಿಂದ ಈಜ್ಕೊಂಡು ಬರ್ತಾಳೆ. ಇಲ್ಲಿ ಮರಿ ಹಾಕಿ, ಹಾಲು ಕೊಟ್ಟು, ಮತ್ತೆ ಅಷ್ಟೂ ದೂರ ವಾಪಸ್ ಹೋಗ್ತಾಳೆ. ಅಲ್ಲೀವರೆಗೂ ಹೆಚ್ಚುಕಮ್ಮಿ ಉಪವಾಸ. ತಿಂಗಳುಗಟ್ಟಲೆ."

"ಹಸಿವಾಗಲ್ವಾ, ಅತ್ತೆ?"

"ಹಸಿವಾಗದೆ ಏನು? ಹೊಟ್ಟೆ ನೋಡಿದ್ಯಾ ಎಷ್ಟಿದೆ!" ಅತ್ತೆ ನಗಲು ಹೋದರು, ನಗು ಅರ್ಧಕ್ಕೇ ನಿಂತಿತು. ಕಣ್ಣು ತುಂಬಿತ್ತು. ಲೂಪೆ ಬೇರೆ ಕಡೆ ನೋಡಿದಳು.

ಇಳಿಯುವಾಗ ಸುಲಿಯೆತಿ ಅಜ್ಜಿ ಬಾಗಿಲಲ್ಲೇ ಇದ್ದಳು.

"ಹೂಲಿತಾ! ಬಾ ಬಾ, ಊಟ ಮಾಡು! ಈಗ ತಾನೇ ಬಾಣಲೆಯಿಂದ ತೆಗೆದೆ!"

ಲೂಪೆ ಅತ್ತೆಯ ಮುಖ ನೋಡಿದಳು. ಅಜ್ಜಿ ಒಬ್ಬಳೇ ಇರುವವಳು. ಬೇಡ ಎಂದರೆ ಇಡೀ ದಿನ ಕೊರಗುತ್ತಾಳೆ. ಅತ್ತೆ ಒಂದು ಗಳಿಗೆ ನಿಂತು, ಸೀದಾ ಒಳಗೆ ಹೋಗಿ ಕುಳಿತರು. ಅಜ್ಜಿ ಬಿಸಿ ಬಿಸಿ ಸಿಹಿ ಬೋಂಡಗಳ ತಟ್ಟೆಯನ್ನು ಮುಂದಿಟ್ಟಳು. ಎಂಥಾ ಘಮ! ಲೂಪೆಯ ಬಾಯಲ್ಲೂ ನೀರೂರಿತು.

ಅತ್ತೆಯ ಕೈ ತಟ್ಟೆಯ ಅಂಚಿನವರೆಗೆ ಹೋಯಿತು. ಅಲ್ಲೇ ನಿಂತಿತು. ಮೆಲ್ಲಗೆ ಹಿಂದೆ ಬಂತು.

"ಅಜ್ಜಿ, ಇವತ್ತು ಒಂದು ಲೋಟ ನೀರು ಕೊಡಿ ಸಾಕು. ನಾನು ಬಂದದ್ದು ನಿಮ್ಮನ್ನ ನೋಡೋಕೆ."

"ಯಾಕೆ, ನನ್ನ ಕೈ ಅಡುಗೆ ಬೇಡ್ವಾ?" ಅಜ್ಜಿಯ ಮುಖ ಸಣ್ಣಗಾಯಿತು.

"ಬೇಕು ಅಜ್ಜಿ. ತುಂಬಾ ಬೇಕು. ಅದಕ್ಕೇ ಮುಟ್ತಿಲ್ಲ. ಕಾಲು ಉಳಿಸ್ಕೋಬೇಕು ನಾನು."

ಅಜ್ಜಿ ಅತ್ತೆಯ ಪಾದಗಳನ್ನು ನೋಡಿದಳು. ಎದ್ದು ನೀರು ತಂದು ಪಕ್ಕದಲ್ಲಿ ಕುಳಿತಳು. "ಹೇಳು ಮತ್ತೆ, ಗುಡ್ಡದ ಮೇಲೆ ಏನು ಕಂಡಿರಿ?" ಎಂದಳು.

ಅತ್ತೆ ತಿಮಿಂಗಿಲದ ಕತೆ ಹೇಳತೊಡಗಿದರು. ದನಿ ಎಂದಿನಂತೆ ಗಟ್ಟಿಯಾಗಿತ್ತು. ಆದರೆ ತಟ್ಟೆಯಿಂದ ಹಿಂದೆ ಬಂದ ಆ ದೊಡ್ಡ ಕೈ, ಕುಳಿತಿದ್ದ ಚಾಪೆಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. ಅಷ್ಟು ಕಡಿದಾದ ಗುಡ್ಡ ಹತ್ತುವಾಗಲೂ ಅದು ಏನನ್ನೂ ಹೀಗೆ ಹಿಡಿದುಕೊಂಡಿರಲಿಲ್ಲ.

ಲೂಪೆ ಬೋಂಡದ ಕಡೆ ನೋಡುವುದನ್ನು ಬಿಟ್ಟಳು. ಹತ್ತಿರ ಸರಿದು ಅತ್ತೆಯ ಕೈಯ ಮೇಲೆ ತನ್ನ ಕೈ ಇಟ್ಟಳು.