ಹಲಸಿನ ಗಿಟಾರ್ ಬಾಯಿ ಬಿಟ್ಟಿತು

"ಈ ಶವಪೆಟ್ಟಿಗೆಗೆ ತಂತಿ ಕಟ್ಟಿದ ಪುಣ್ಯಾತ್ಮ ಯಾರಪ್ಪಾ?"

ಅಂಗಡಿಯಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಯಾರದೆಂದು ಹೇಳದೆ ಗಿಟಾರನ್ನು ಒಳಗೆ ಕಳಿಸಿ ಬಾಗಿಲಲ್ಲಿ ನಿಂತಿದ್ದ ಫೆಲಿಸಾಳ ಕಿವಿ ಕೆಂಡವಾಯಿತು.

"ನಾನು!"

ನಗು ನಿಂತಿತು. ಗಿಟಾರ್ ಹಿಡಿದಿದ್ದ ತೆರ್ಯೊ ತಲೆಯೆತ್ತಿದ. ಕೂದಲಲ್ಲೆಲ್ಲ ಮರದ ಪುಡಿ, ಹುಬ್ಬಿನ ಮೇಲೂ ಪುಡಿ. ಆ ಪುಡಿಯ ನಡುವಿನಿಂದ ಎರಡು ಕಣ್ಣು ಅವಳನ್ನೇ ನೋಡಿದವು...

ಅವಳ ಎದೆ ಧಡಕ್ಕೆಂದಿತು. ಕೋಪಕ್ಕೋ, ಮತ್ತೊಂದಕ್ಕೋ, ಆಗ ಅವಳಿಗೆ ಗೊತ್ತಾಗಲಿಲ್ಲ.

"ನೀನು ಪೂಸೊ ಮಾರೋಳಲ್ವಾ? ನಾನಾಯ್ ಪ್ರಿಸ್ಕಾ ಮಗಳು?"

"ಪೂಸೊ ಮಾರೋರು ಗಿಟಾರ್ ಮಾಡಬಾರ್ದು ಅಂತ ಪಾದ್ರಿ ಹೇಳಿದಾರಾ?"

"ಮಾಡಬೋದು." ಅವನು ಬೆರಳ ಗೆಣ್ಣಿನಿಂದ ಅದರ ಮೇಲ್ಹಲಗೆ ತಟ್ಟಿದ. ಟಕ್! ಗೋಡೆಯಲ್ಲಿ ನೇತಾಡುತ್ತಿದ್ದ ತನ್ನದೊಂದನ್ನು ತಟ್ಟಿದ. ಧೂಂ... "ಕೇಳಿಸ್ತಾ? ನಿಂದು ದಪ್ಪ. ಎಲ್ಲಿ ಮುರಿಯುತ್ತೋ ಅಂತ ಹೆದರಿ ಹೆದರಿ ಹೆರೆದಿದೀಯ."

ಫೆಲಿಸಾ ಗಿಟಾರ್ ಕಿತ್ತುಕೊಂಡು ತಿರುಗಿ ನೋಡದೆ ಹೊರಟುಬಿಟ್ಟಳು. ಕೋಪ ಬಂದದ್ದು ಅವನು ನಿಜ ಹೇಳಿದ್ದಕ್ಕೆ. ಅವಳ ಮೊದಲ ಗಿಟಾರಿನ ಹೊಟ್ಟೆ ತಂತಿ ಬಿಗಿದ ವಾರದಲ್ಲೇ ಒಳಗೆ ಕುಸಿದಿತ್ತು. ಎರಡನೆಯದನ್ನು ಹೆದರಿಯೇ ಮಾಡಿದ್ದಳು. ಒಂದು ಸಲ ತಟ್ಟಿ ಅದು ಹೇಗೆ ಗೊತ್ತಾಯಿತು ಆ ಮನುಷ್ಯನಿಗೆ!

ಮಕ್ತಾನ್ ದ್ವೀಪದ ಅಬುನೊದಲ್ಲಿ ಗಿಟಾರ್ ಮಾಡುವುದು ಮನೆಮನೆಯ ಕಸುಬು. ಗಂಡಸರು ಕಟ್ಟುತ್ತಾರೆ, ಹೆಂಗಸರು ಉಜ್ಜಿ ಹೊಳಪು ಕೊಡುತ್ತಾರೆ. ಹೆಂಗಸರು ಕಟ್ಟಬಾರದೆಂದು ಯಾರೂ ಹೇಳಿಲ್ಲ. ಯಾರೂ ಕೇಳಿರಲಿಲ್ಲ, ಅಷ್ಟೇ. ಕೇಳದೆ ಸುಮ್ಮನಿರುವುದಕ್ಕೆ ಸಂಪ್ರದಾಯ ಎಂದು ಹೆಸರಿಡುವುದು ಎಲ್ಲ ಊರಿನ ರೋಗ.

ಫೆಲಿಸಾಳ ಮನೆಯಲ್ಲಿ ಕಸುಬುದಾರರು ಯಾರೂ ಇರಲಿಲ್ಲ. ಊರಿಗೆಲ್ಲ ನಾನಾಯ್, ಅಂದರೆ ಅಮ್ಮ, ಆಗಿದ್ದ ತಾಯಿ ಮತ್ತು ಮಗಳು ಇಬ್ಬರೂ ತೆಂಗಿನ ಗರಿಯನ್ನು ಪುಟ್ಟ ಚೀಲದಂತೆ ಹೆಣೆದು, ಅದರಲ್ಲಿ ಅಕ್ಕಿ ತುಂಬಿ ಬೇಯಿಸಿ, ಆ ಪೂಸೊಗಳನ್ನು ಗೊಂಚಲು ಕಟ್ಟಿ ಸುಟ್ಟ ಹಂದಿಮಾಂಸದ ಅಂಗಡಿಗಳಿಗೆ ಕೊಡುತ್ತಿದ್ದರು. ಯಾರೋ ಎಸೆದ ಒಡಕು ಗಿಟಾರನ್ನು ಬಿಚ್ಚಿ ನೋಡಿ ಅವಳು ತಾನೇ ಕಲಿತಿದ್ದಳು. ಆಸೆ ಒಂದೇ. ತನ್ನ ಕೈಯಿಂದ ಹಾಡುವ ಗಿಟಾರ್ ಆಗಬೇಕು. ಅದರೊಳಗೆ ತನ್ನ ಹೆಸರಿನ ಚೀಟಿ ಅಂಟಿರಬೇಕು.

ಮರುದಿನ ಬೆಳಿಗ್ಗೆ ಒಂದು ಗೊಂಚಲು ಬಿಸಿ ಪೂಸೊ ಹಿಡಿದು ಅದೇ ಬಾಗಿಲಲ್ಲಿ ನಿಂತಳು.

"ನೋಂಗ್ ತೆರ್ಯೊ... ಕಲಿಸ್ತೀರಾ?" ತನಗಿಂತ ಹಿರಿಯ ಗಂಡಸನ್ನು ಅಲ್ಲಿ ನೋಂಗ್, ಹೆಂಗಸನ್ನು ನಾಂಗ್, ಕಿರಿಯ ಹುಡುಗಿಯನ್ನು ದಾಯ್ ಎಂದೇ ಕರೆಯಬೇಕು. ನಿನ್ನೆಯ ಕೋಪದಲ್ಲಿ ಅದೂ ಮರೆತಿತ್ತು.

"ನಾನು ಬೈತೀನಿ."

"ನಾನೂ ಬೈತೀನಿ."

ತೆರ್ಯೊ ನಗು ತಡೆದುಕೊಂಡದ್ದು ಅವಳಿಗೆ ಕಾಣಿಸಿತು. "ಸರಿ ದಾಯ್. ಪೊರಕೆ ಅಲ್ಲಿದೆ."

* * *

ಅಂಗಡಿಯ ಮೂಲೆಯಲ್ಲಿ ಕೂತು ಗಿಟಾರ್‌ಗಳಿಗೆ ಹೊಳಪು ಕೊಡುವ ನಾಂಗ್ ಚೋಲಿಂಗ್‌ಗೆ ಅಂದಿನಿಂದ ಬಾಯಿಗೆ ಬಿಡುವಿಲ್ಲ.

"ಅಲ್ವೇ ಹುಡುಗಿ, ನಮ್ಮ ಕಾಲದಲ್ಲಿ ಗಂಡು ಹೆಣ್ಣಿನ ಮನೆಗೆ ಬಂದು ಸೌದೆ ಒಡೆದು, ನೀರು ಹೊತ್ತು, ಅತ್ತೆ ಮಾವನ್ನ ಮೆಚ್ಚಿಸ್ಬೇಕಿತ್ತು. ನೀನು ಗಂಡಿನ ಅಂಗಡಿಗೆ ಬಂದು ಕಸ ಗುಡಿಸ್ತಾ ಇದೀಯಲ್ಲೇ! ಎಲ್ಲಾ ಉಲ್ಟಾ!"

"ನಾಂಗ್! ನಾನು ಕೆಲಸ ಕಲಿಯೋಕೆ ಬಂದಿದೀನಿ!"

"ಹೂಂ ಹೂಂ. ನನ್ನ ಗಂಡನೂ ಬರೀ ಸೌದೆ ಒಡೆಯೋಕೇ ಬಂದಿದ್ದ. ಐದು ಮಕ್ಕಳಾದ್ವು."

ತೆರ್ಯೊ ಕೇಳಿಸದವನಂತೆ ಉಳಿ ಮಸೆಯುತ್ತಿದ್ದ. ಅವನ ಕಿವಿ ಮಾತ್ರ ಕೆಂಪಾಗಿತ್ತು.

ಅವಳ ದೊಡ್ಡಮ್ಮನ ಹಿತ್ತಲಲ್ಲಿ ಬಿರುಗಾಳಿಗೆ ಬಿದ್ದ ಹಲಸಿನ ಮರವಿತ್ತು. ಅದರ ಹಲಗೆ ಚೆನ್ನಾಗಿ ಒಣಗಿತ್ತು. ಅವಳ ಮೂರನೆಯ ಗಿಟಾರ್ ಅದರದ್ದೇ ಎಂದಾಯಿತು. ಕತ್ತರಿಸಿದರೆ ಒಳಗೆ ಹಲಸಿನ ತೊಳೆಯ ಹಾಗೇ ಹಳದಿ. ಅದನ್ನು ತೆಳುವಾಗಿ ಹೆರೆದು, ನೀರಲ್ಲಿ ನೆನೆಸಿ, ಕಾದ ಕೊಳವೆಗೆ ಒತ್ತಿ ಸೊಂಟದಂತೆ ಬಗ್ಗಿಸಬೇಕು. ಮೊದಲ ಪಟ್ಟಿ ಚಟಕ್ಕೆಂದು ಮುರಿಯಿತು.

"ಕತ್ತು ಹಿಚುಕ್ತಾ ಇದೀಯಾ ಅದಕ್ಕೆ?" ತೆರ್ಯೊ ಗುಡುಗಿದ. "ಬಿಸಿ ಹತ್ತಲಿ. ಅದಾಗೇ ಸೋಲೋವರ್ಗೂ ಕಾಯಿ!"

"ಸೋತಿದ್ದು ಗೊತ್ತಾಗೋದು ಹೆಂಗೆ?"

ಅವನು ಅವಳ ಕೈಗಳ ಮೇಲೆ ತನ್ನ ಕೈಯಿಟ್ಟ. ಬಿಸಿ ಕೊಳವೆಯ ಮೇಲೆ ಹಲಸಿನ ಪಟ್ಟಿ ಒಂದು ಕ್ಷಣ ಬಿರುಸಾಗಿತ್ತು... ಮರುಕ್ಷಣ ಮೆತ್ತಗೆ ಬಾಗಿತು.

"ಗೊತ್ತಾಯ್ತಾ?"

"ಹೂಂ..." ಎಂದಳು. ಮರದ ವಿಷಯ ಗೊತ್ತಾಗಿತ್ತು. ತನ್ನ ವಿಷಯವೂ ಗೊತ್ತಾಗಿತ್ತು. 'ಅಯ್ಯೋ, ಇದೇನಾಯ್ತು ನನಗೆ!'

ಆದರೆ ಒಂದು ನೋವು ಅವಳನ್ನು ಬಿಡಲಿಲ್ಲ. ತೆರ್ಯೊ ತಪ್ಪು ತೋರಿಸುತ್ತಿದ್ದ, ಬೈಯುತ್ತಿದ್ದ, ಉಳಿ ಮಸೆದು ಕೊಡುತ್ತಿದ್ದ. 'ಚೆನ್ನಾಗಿದೆ' ಎಂಬ ಒಂದು ಮಾತು ಮಾತ್ರ ಹೇಳಲಿಲ್ಲ. ಹೊಗಳಿದರೆ ಬಾಯಿ ಸವೆಯುತ್ತದೆಯೇ? ಕೆಲವು ಗಂಡಸರಿಗೆ ಸವೆಯುತ್ತದೆ.

ಹಲಸಿನ ಗಿಟಾರ್ ಮುಗಿದ ದಿನ ಅವಳೇ ತಂತಿ ಬಿಗಿದು ಮೀಟಿದಳು. ಸದ್ದು ಬಂತು. ಆದರೆ ಬಿಗಿದ ಗಂಟಲಿನ ಸದ್ದು, ನೆಂಟರ ಮುಂದೆ ಹಾಡು ಅಂದಾಗ ಮಕ್ಕಳು ಗೊಣಗುವಂತೆ.

ಕಣ್ಣು ತುಂಬಿ ಬಂತು. "ಇದೂ ಶವಪೆಟ್ಟಿಗೇನೇ..."

ತೆರ್ಯೊ ಗಿಟಾರನ್ನು ಬಹಳ ಹೊತ್ತು ತಿರುಗಿಸಿ ನೋಡಿದ. "ಇಲ್ಲೇ ಇರಲಿ" ಎಂದ, ಅಷ್ಟೇ. ಹೆಸರಿನ ಚೀಟಿ ಬರೆದು ತಂದಿದ್ದ ಅವಳು ಅದನ್ನು ಮಡಿಚಿ ಜೇಬಿಗೆ ಹಾಕಿಕೊಂಡಳು.

* * *

ಅದೇ ವಾರ ನಾನಾಯ್ ಪ್ರಿಸ್ಕಾ ಕುದಿಯುವ ಹಂಡೆಯ ಹಬೆಗೆ ಬಲಗೈ ಸುಟ್ಟುಕೊಂಡಳು. ಹೆಣೆಯುವುದು, ಬೇಯಿಸುವುದು, ಅಂಗಡಿಗಳಿಗೆ ಹೊರುವುದು, ಎಲ್ಲ ಫೆಲಿಸಾಳ ತಲೆಗೆ ಬಂತು. ಗಿಟಾರ್ ಅಂಗಡಿಯ ಕಡೆ ಕಾಲಿಡಲು ಆಗಲಿಲ್ಲ. ತಾಯಿಯ ಕೈ ವಾಸಿಯಾಗುವ ಹೊತ್ತಿಗೆ ಮಾವಿನ ಹಣ್ಣಿನ ಕಾಲವೇ ಮುಗಿದಿತ್ತು.

ಮತ್ತೆ ಹೋದ ಮಧ್ಯಾಹ್ನ ಅವಳು ಬಾಗಿಲಲ್ಲೇ ನಿಂತುಬಿಟ್ಟಳು.

ಚರ್ಚಿನ ಹಾಡುಗಾರರ ಗುಂಪಿನ ಮುದುಕ, ನೋಂಗ್ ಬೆಲಾರ್ಮಿನೊ, ಗಿಟಾರ್ ನುಡಿಸುತ್ತಿದ್ದ. ಏನು ಸದ್ದು ಅದು! ಬೆಚ್ಚಗೆ, ತುಂಬಿಕೊಂಡು, ಎದೆಯ ಮೂಳೆಗೆ ಬಂದು ತಾಗುವ ಸದ್ದು. ಗಿಟಾರಿನ ಬದಿ ಹಳದಿ. ಹಲಸಿನದು. ಅವಳದು!

"ಇದು ನಮ್ಮ ಚರ್ಚಿಗೆ ಬೇಕು ತೆರ್ಯೊ," ಎಂದ ಮುದುಕ. "ಒಳಗೆ ಚೀಟಿ ಇಲ್ಲವಲ್ಲ? ಯಾರ ಕೈಯಿದು?"

"ಅವಳದು." ತೆರ್ಯೊ ಬಾಗಿಲ ಕಡೆ ಗದ್ದ ಎತ್ತಿ ತೋರಿಸಿದ.

ಫೆಲಿಸಾ ಹುಬ್ಬು ಗಂಟಿಕ್ಕಿದಳು. ತಾನು ಬಿಟ್ಟು ಹೋದದ್ದು ಗೊಣಗುವ ಗಿಟಾರ್. ಇದು ಹಾಡುತ್ತಿದೆ. ಮೇಲ್ಹಲಗೆಯ ಒಳಮೈಗೆ ಅಂಟಿಸಿದ ತೆಳು ಪಟ್ಟಿಗಳಲ್ಲಿ ಇರುವುದು ಗಿಟಾರಿನ ಜೀವ. ದುಂಡು ಕಿಂಡಿಯೊಳಗೆ ಕೈ ತೂರಿಸಿ, ಪುಟ್ಟ ಉಳಿಯಲ್ಲಿ ಆ ಪಟ್ಟಿಗಳನ್ನು ಹದವಾಗಿ ಹೆರೆದರೆ ಬಿಗಿದ ಸದ್ದು ಸಡಿಲವಾಗುತ್ತದೆ. ಪಳಗಿದ ಕೈಗೆ ಒಂದು ಮಧ್ಯಾಹ್ನದ ಕೆಲಸ.

'ನನ್ನ ಕೈ ಮೇಲೆ ನಂಬಿಕೆ ಇಲ್ಲದೆ... ಕದ್ದು ಸರಿ ಮಾಡಿದಾನೆ!'

"ನೀನು ಒಳಗೆ ಕೈ ಹಾಕಿದೀಯ!" ನೋಂಗೂ ಹೋಯಿತು, ನೀವೂ ಹೋಯಿತು.

"ಇಲ್ಲ ದಾಯ್."

"ಸುಳ್ಳು! ಪಟ್ಟಿ ಹೆರೆದಿದೀಯ!"

"ಹೆರೆದಿಲ್ಲ ಅಂದೆನಲ್ಲ!"

"ಹಾಗಾದ್ರೆ ಏನ್ ಮಾಡ್ದೆ ಅದಕ್ಕೆ? ಹೇಳು!"

ತೆರ್ಯೊ ಬಾಯಿ ತೆರೆದ. ಮುದುಕನನ್ನು ನೋಡಿದ, ಚೋಲಿಂಗ್‌ಳನ್ನು ನೋಡಿದ, ನೆಲ ನೋಡಿದ. ಮುಖ ಕೆಂಪೇರಿತು. ಬಾಯಿ ಮುಚ್ಚಿಕೊಂಡ.

ಅಷ್ಟು ಸಾಕಾಯಿತು ಅವಳಿಗೆ.

"ನೀನು ನೂರು ಸಲ ಬೈದೆ, ಸಹಿಸ್ಕೊಂಡೆ. ಕರುಣೆ ತೋರಿಸ್ಬಾರ್ದಿತ್ತು!" ಎಂದಳು. "ನೋಂಗ್ ಬೆಲಾರ್ಮಿನೊ, ಇದು ನಂದಲ್ಲ. ನನ್ನ ಹೆಸರು ಇದರಲ್ಲಿ ಹಾಕಲ್ಲ. ನಿಮಗೆ ಕೊಡೋದೂ ಇಲ್ಲ!"

ಗಿಟಾರ್ ಕಸಿದುಕೊಂಡು ಹೊರಟಳು. ಹಿಂದಿನಿಂದ ಯಾರೂ ಕರೆಯಲಿಲ್ಲ. ಕರೆಯಬೇಕಿತ್ತು, ದಡ್ಡ!

* * *

"ಅವನು ಕೈ ಹಾಕಿದ್ದು ನೀನು ಕಣ್ಣಾರೆ ಕಂಡೆಯಾ?" ನಾನಾಯ್ ಪ್ರಿಸ್ಕಾ ತೆಂಗಿನ ಗರಿ ಸೀಳುತ್ತಲೇ ಕೇಳಿದಳು.

"ಕಾಣಬೇಕಾ? ಕೇಳಿದ್ರೆ ಸಾಕು!"

"ಅನ್ನ ಬೆಂದಿದೆಯೋ ಇಲ್ವೋ ಅಂತ ಪೂಸೊ ಬಿಚ್ಚಿ ನೋಡ್ತೀಯ. ಮನುಷ್ಯನ್ನ ಮಾತ್ರ ಬಿಚ್ಚಿ ನೋಡದೇ ಎಸೀತೀಯ."

ಫೆಲಿಸಾ ಉರಿದುಕೊಂಡೇ ಎದ್ದಳು. ಪೌಡರ್ ಡಬ್ಬಿಯ ದುಂಡು ಕನ್ನಡಿ ತಂದಳು. ತಂತಿ ಸಡಿಲಿಸಿ, ಕಿಂಡಿಯೊಳಗೆ ಕನ್ನಡಿ ಇಳಿಸಿ, ಟಾರ್ಚ್ ಹಾಕಿದಳು. ಅವನ ಉಳಿಯ ಗುರುತು ಸಿಕ್ಕಲಿ, ಮುಖಕ್ಕೆ ಹಿಡಿದು ತೋರಿಸುತ್ತೇನೆ!

ಕನ್ನಡಿಯಲ್ಲಿ ಪಟ್ಟಿಗಳು ಕಂಡವು. ಒಂದೊಂದರ ಮೇಲೂ ಅವಳದೇ ಒರಟು ಉಳಿಯ ಗೆರೆ. ಬಲಗಡೆ ಕೈ ಜಾರಿ ಆದ ಕಚ್ಚು ಹಾಗೇ ಇತ್ತು. ತೊಟ್ಟಿಕ್ಕಿ ಒಣಗಿದ ಅಂಟಿನ ಹನಿ ಹಾಗೇ ಇತ್ತು. ಎರಡು ಪಟ್ಟಿ ಕೂಡುವ ಕಡೆ, ಅಂಟಿನಲ್ಲಿ ಸಿಕ್ಕಿಕೊಂಡು, ಪಟ್ಟಿಯ ಮೇಲೆ ಉದ್ದಕ್ಕೆ ಮಲಗಿದ್ದ ಒಂದು ಕೂದಲು. ಅವಳದೇ ಉದ್ದ ಕೂದಲು!

ಅಲ್ಲಿ ಉಳಿ ತಾಗಿದ್ದರೆ ಮೊದಲು ತುಂಡಾಗುತ್ತಿದ್ದದ್ದು ಅದೇ.

"ನಾನಾಯ್..." ಅವಳು ಕನ್ನಡಿ ಕೆಳಗಿಟ್ಟಳು. "ಅವನು ಮುಟ್ಟೇ ಇಲ್ಲ..."

"ಹಾಗಾದ್ರೆ ಹಾಡ್ತಾ ಇರೋದು ನಿನ್ನ ಕೈಯೇ. ಅಳ್ತಾ ಕೂತ್ಕೋಬೇಡ. ಹೋಗು."

ಗಿಟಾರ್ ತಬ್ಬಿಕೊಂಡು ಅವಳು ಓಡಿದಳು. ಸಂಜೆಯ ಬಿಸಿಲು ಇನ್ನೂ ಇತ್ತು. ಅಂಗಡಿಯ ಮುಂದೆ ಚೋಲಿಂಗ್ ಕೈಗೆ ಹತ್ತಿದ ಹೊಳಪಿನ ಅರಗನ್ನು ಒರೆಸುತ್ತ ಕೂತಿದ್ದಳು.

"ಬಂದ್ಯಾ? ಒಳ್ಳೇದಾಯ್ತು. ನಿನ್ನ ಗಿಟಾರ್ ನೀನೇ ಇಟ್ಕೋ. ನನ್ನ ಕಿವಿಗೆ ಸ್ವಲ್ಪ ದಿನ ರಜ ಸಿಗಲಿ!"

"ಯಾಕೆ ನಾಂಗ್?"

"ಯಾಕೆ ಅಂತೆ! ನೀನು ಹೋದ ದಿನದಿಂದ ದಿನಾ ಸಂಜೆ ಅದನ್ನ ಮಡಿಲಲ್ಲಿ ಇಟ್ಕೊಂಡು ಕುಯ್ತಾನೆ ತಾಯಿ! ಗಿಟಾರ್ ಮಾಡೋದ್ರಲ್ಲಿ ಅವನನ್ನ ಮೀರಿಸೋರಿಲ್ಲ. ನುಡಿಸೋದ್ರಲ್ಲಿ, ದೇವರೇ, ಬೆಕ್ಕಿನ ಬಾಲ ತುಳಿದ ಹಾಗೆ! ಅದಕ್ಕೇ ಯಾರ ಮುಂದೆನೂ ನುಡಿಸಲ್ಲ. ಬೀದಿ ಖಾಲಿ ಆದ್ಮೇಲೆ ಶುರು. ನಾನು ಕಿವುಡಿ ಅಂದ್ಕೊಂಡಿದಾನೆ."

ಫೆಲಿಸಾ ತೋಳಲ್ಲಿದ್ದ ಗಿಟಾರನ್ನು ನೋಡಿದಳು. ಅವನು ನೆಲ ನೋಡಿದ್ದು ಇದಕ್ಕಾ...!

ಒಳಗೆ ತೆರ್ಯೊ ದೀಪ ಹಾಕದೆ ಕೂತಿದ್ದ. ಅವಳನ್ನು ಕಂಡು ಎದ್ದ. ಮತ್ತೆ ಕೂತ.

"ಇನ್ನೇನು ಬಾಕಿ ಇದೆ ಬೈಯೋಕೆ?"

"ಒಳಗೆ ಕನ್ನಡಿ ಹಾಕಿ ನೋಡಿದೆ." ಅವಳು ಅವನ ಮುಂದೆ ನಿಂತಳು. "ತಪ್ಪಾಯ್ತು."

ಅವನು ಕೈಚಾಚಿ ದೀಪ ಹಾಕಿದ.

"ಅದು ಹೆಂಗೆ ಬಾಯಿ ಬಿಡ್ತು ತೆರ್ಯೊ?"

"ಹೊಸ ಗಿಟಾರಿನ ಮರ ದಾಯ್. ಮೀಟಿದಷ್ಟೂ ಬಾಯಿ ಬಿಡುತ್ತೆ. ನಿನ್ನ ಮೊದಲಿನ ಎರಡನ್ನೂ ಯಾರೂ ನುಡಿಸ್ಲೇ ಇಲ್ಲ, ನಿನಗೆ ಹೆಂಗೆ ಗೊತ್ತಾಗ್ಬೇಕು?" ಅವನು ಬೆರಳುಗಳನ್ನು ನೋಡಿಕೊಂಡ. "ಕೆಟ್ಟ ಗಿಟಾರಾಗಿದ್ರೆ ನೂರು ವರ್ಷ ಮೀಟಿದ್ರೂ ಬಿಡ್ತಿರ್ಲಿಲ್ಲ. ಅದು ನಿನ್ನ ಕೈ. ನಂದು ಬರೀ ಬೆರಳು."

"ಈ ಗೋಡೆ ತುಂಬ ಹೊಸ ಗಿಟಾರ್ ಇದಾವೆ. ನಂದನ್ನೇ ಯಾಕೆ?"

ಹೊರಗೆ ಚೋಲಿಂಗ್ ಕೆಮ್ಮಿದಳು. ಬೇಕಂತಲೇ.

"ನೀನು ಬರ್ತಿರ್ಲಿಲ್ಲವಲ್ಲ..." ತೆರ್ಯೊನ ದನಿ ತಗ್ಗಿತು. "ನಿನ್ನ ಪೊರಕೆ ಇತ್ತು, ಸ್ಟೂಲ್ ಇತ್ತು. ನೀನಿರ್ಲಿಲ್ಲ. ನೀನು ಮಾಡಿದ್ದನ್ನಾದ್ರೂ ತಬ್ಬಿಕೊಂಡು ಕೂರೋಣ ಅನ್ನಿಸ್ತು. ಅದನ್ನ ಆ ಮುದುಕನ ಮುಂದೆ ಹೇಳ್ಲಾ? ನಾಳೆ ಚರ್ಚಿನಲ್ಲಿ ಎಲ್ಲರಿಗೂ ಹಾಡಿ ಹೇಳ್ತಿದ್ದ!"

ಫೆಲಿಸಾಳ ಕಣ್ಣಲ್ಲಿ ನೀರು ತುಂಬಿತು, ನಗುವೂ ಬಂತು.

"ಒಂದು ಮಾತು ಕೇಳ್ತೀನಿ. ನನ್ನ ಮೇಲಿನ ಪ್ರೀತಿಗೆ ಹೇಳ್ಬೇಡ. ನಿಜ ಹೇಳು. ಹೆಂಗಿದೆ ಗಿಟಾರ್?"

ಅವನು ತೆಗೆದುಕೊಂಡು ತಟ್ಟಿದ. ಬೆನ್ನ ಮೇಲೆ ಕೈಯಾಡಿಸಿದ. "ಕತ್ತು ಒರಟು. ಬಲಗಡೆ ಅಂಚು ಇನ್ನೂ ಒಂದು ಕೂದಲೆಳೆ ದಪ್ಪ." ತಲೆಯೆತ್ತಿ ಅವಳನ್ನು ನೋಡಿದ. "ಚೆನ್ನಾಗಿದೆ ಫೆಲಿಸಾ. ತುಂಬಾ ಚೆನ್ನಾಗಿದೆ."

ಆಗ ಅವಳು ಅತ್ತಳು. ಚೆನ್ನಾಗಿಯೇ ಅತ್ತಳು. ಅವನು ಮರದ ಪುಡಿಯ ಕೈಯಲ್ಲೇ ಅವಳ ಕೆನ್ನೆ ಒರೆಸಿದ. ಕೆನ್ನೆಯೆಲ್ಲ ಕೆಸರಾಯಿತು.

ಜೇಬಿನಲ್ಲಿ ಸುಕ್ಕಾಗಿದ್ದ ಚೀಟಿಯನ್ನು ಅವಳು ಬಿಡಿಸಿದಳು. ಅವನು ಅಂಟು ಬಿಸಿ ಮಾಡಿಕೊಟ್ಟ. ಅಂಟಿಸಿದ್ದು ಅವಳೇ. ಕಿಂಡಿಯೊಳಗೆ ಇಣುಕಿದರೆ ಓದುವಂತೆ, ನೇರಕ್ಕೆ.

"ಭಾನುವಾರ ಚರ್ಚಿಗೆ ಕೊಟ್ಟುಬಿಡೋಣ," ಎಂದಳು.

"ಕೊಟ್ಟುಬಿಟ್ರೆ ಸಂಜೆ ನಾನೇನು ಮೀಟ್ಲಿ?"

"ಸಂಜೆ ನಾನೇ ಇರ್ತೀನಲ್ಲ."

ತೆರ್ಯೊ ಗಂಟಲು ಸರಿ ಮಾಡಿಕೊಂಡ. "ಹಾಗಾದ್ರೆ... ನಮ್ಮ ಕಡೆ ಹಿರಿಯರನ್ನ ಕರ್ಕೊಂಡು ನಿಮ್ಮಮ್ಮನ ಹತ್ರ ಬರ್ಲಾ?"

"ಬಾ. ನಾನಾಯ್ ಬೈತಾಳೆ, ಹೆದರ್ಬೇಡ."

"ಅಭ್ಯಾಸ ಇದೆ."

ಅವಳು ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕೂತಳು. ಗಿಟಾರನ್ನು ಅವನ ಮಡಿಲಿಗೆ ತಳ್ಳಿದಳು.

"ಈಗ ನುಡಿಸು. ನನ್ನ ಮುಂದೆ."

ಅವನು ಬೇಡಿಕೊಳ್ಳುವವನಂತೆ ನೋಡಿದ. ಅವಳು ಅಲುಗಲಿಲ್ಲ. ಸಡಿಲವಾದ ತಂತಿಗಳನ್ನು ಬಿಗಿದುಕೊಂಡು ಶುರು ಮಾಡಿದ. ಒಂದು ಬೆರಳು ಇತ್ತ ಹೋದರೆ ಇನ್ನೊಂದು ಅತ್ತ ಹೋಯಿತು. ಹಾಡು ಎಡವಿತು, ಎದ್ದಿತು, ಮತ್ತೆ ಎಡವಿತು.

"ಕೆಟ್ಟದಾಗಿದೆಯಾ?"

"ತುಂಬಾ ಕೆಟ್ಟದಾಗಿದೆ."

"ನಿಲ್ಲಿಸ್ಲಾ?"

ಫೆಲಿಸಾ ತಲೆಯನ್ನು ಅವನ ಭುಜಕ್ಕೆ ಒರಗಿಸಿದಳು.

"ನಿಲ್ಲಿಸಿ ನೋಡು, ಆಮೇಲೆ ಇದೆ ನಿನಗೆ!"