ಹಾಳೆಯ ಹಿಂಬದಿ

ಅವಳ ಬಳಿ ಮೂರು ಸೆಕೆಂಡು ಇರಲಿಲ್ಲ.

ಬಿಲ್ಲು ಇತ್ತು, ತೋಳಿನಲ್ಲಿ ಕಸುವು ಇತ್ತು, ಆರು ವರ್ಷದ ಅಭ್ಯಾಸ ಇತ್ತು. ಹೆದೆ ಎಳೆದು, ಗುರಿಯ ನಡುವಿನ ಹಳದಿಯ ಮೇಲೆ ಕಣ್ಣಿಟ್ಟು, ಮೂರು ಸೆಕೆಂಡು ತಡೆದು ಬಾಣ ಬಿಡಬೇಕು. ಆ ತಡೆಯುವುದೇ ಅವಳಿಗೆ ಆಗುತ್ತಿರಲಿಲ್ಲ. ಏಳು ತಿಂಗಳಿಂದ, ಹಳದಿ ಕಂಡ ಕೂಡಲೇ ಬೆರಳು ತಾನಾಗಿ ಸಡಿಲುತ್ತಿತ್ತು. ಜೊತೆಯವರು ಅವಳಿಗೆ ದುಡುಕಿ ಎಂದು ಹೆಸರಿಟ್ಟಿದ್ದರು.

ಆ ಬೆಳಿಗ್ಗೆಯೂ ಹಾಗೇ ಆಯಿತು. ಬಿಲ್ಲಿನ ಗುರಿಕಡ್ಡಿ ಕೆಳಗಿನಿಂದ ಮೇಲೇರಿ ಹಳದಿಯ ಅಂಚು ಮುಟ್ಟಿದ್ದೇ ತಡ, ಟಪ್! ಬಾಣ ಎಪ್ಪತ್ತು ಮೀಟರ್ ಹಾರಿ, ಗುರಿಯ ಕಾಲ ಬುಡದಲ್ಲಿದ್ದ ಪ್ಲಾಸ್ಟಿಕ್ ಬಕೆಟ್ಟಿಗೆ ನಾಟಿತು. ಬಿಳಿ ಅಂಟು ಹುಲ್ಲಿನ ಮೇಲೆಲ್ಲ ಹರಿಯಿತು.

"ಅಯ್ಯೋ, ನನ್ನ ಬಕೆಟ್ಟು!"

ಅವಳು ಬೆಚ್ಚಿ ತಿರುಗಿದಳು. ಹಿಂದೆ ನಿಂತಿದ್ದವನು ಗುರಿಹಾಳೆ ರಿಪೇರಿ ಮಾಡುವವನು. ಬಾಣ ಹೊಡೆದು ಹೊಡೆದು ನಡುವೆ ಹರಿದ ಹಾಳೆಗಳಿಗೆ ತೇಪೆ ಅಂಟಿಸಿ ಮತ್ತೆ ನಿಲ್ಲಿಸುವುದು ಅವನ ಕೆಲಸ. ಹಾಗಾಗಿ ಎಲ್ಲರೂ ಅವನನ್ನು ತೇಪೆ ಎಂದೇ ಕರೆಯುತ್ತಿದ್ದರು. ಎರಡು ವರ್ಷದಿಂದ ದೂರದಿಂದ ನೋಡುತ್ತಿದ್ದಳು. ಒಂದು ಮಾತೂ ಆಡಿರಲಿಲ್ಲ.

"ಬಕೆಟ್ ಅಲ್ಲಿ ಯಾಕೆ ಇಟ್ರಿ?" ನಾಚಿಕೆಗೆ ಅವಳ ಧ್ವನಿ ಏರಿತು.

"ಮರೆತೆ. ಆದ್ರೂ ನೀವು ಹೊಡೀತೀರಿ ಅಂದ್ಕೊಂಡಿರ್ಲಿಲ್ಲ." ಅವನು ಕಿವಿಯ ಹಿಂದಿನ ಪೆನ್ಸಿಲ್ ಸರಿಮಾಡಿಕೊಂಡ. "ಸರಿಯಾಗಿ ನಡುವಿಗೇ ಬಿದ್ದಿದೆ ನೋಡಿ. ಹತ್ತಕ್ಕೆ ಹತ್ತು."

ಪಕ್ಕದವರು ನಕ್ಕರು. ಅವಳಿಗೆ ಕಣ್ಣು ತುಂಬಿ ಬಂತು.

*ಇವನೂ ಆಡ್ಕೊಳ್ಳೋಕೆ ಶುರು ಮಾಡಿದ...*

ಅದೇ ಮಧ್ಯಾಹ್ನ ಕೋಚ್ ಕರೆದು ನೇರವಾಗಿ ಹೇಳಿದರು. "ಇದಕ್ಕೆ ಟಾರ್ಗೆಟ್ ಪ್ಯಾನಿಕ್ ಅಂತಾರಮ್ಮ, ಗುರಿ ಕಂಡ್ರೆ ಗಾಬರಿ. ದಿನಕ್ಕೆ ಇನ್ನೂರು ಬಾಣ ಹೊಡಿ, ಹೋಗುತ್ತೆ. ಇನ್ನು ಎಂಟು ವಾರಕ್ಕೆ ಆಯ್ಕೆ ಪಂದ್ಯ. ಮೊದಲ ಎಂಟು ಜನರಲ್ಲಿ ಬಂದ್ರೆ ತಂಡದಲ್ಲಿ ಇರ್ತೀಯ. ಇಲ್ಲಾಂದ್ರೆ ಹಾಸ್ಟೆಲ್ ರೂಮು ಬೇರೆಯವರಿಗೆ."

ಅವಳು ಇನ್ನೂರು ಹೊಡೆದಳು. ಇನ್ನೂರೂ ದುಡುಕಿನಲ್ಲೇ ಹೋದವು.

ಮರುದಿನ ಬೆಳಿಗ್ಗೆ ತಾನು ದಿನವೂ ಹೊಡೆಯುವ ಏಳನೇ ನಂಬರಿನ ಗುರಿಯ ಮುಂದೆ ನಿಂತವಳಿಗೆ ಮೈಯೆಲ್ಲ ಉರಿಯಿತು. ಹಾಳೆಯನ್ನು ಹಿಂದುಮುಂದು ಮಾಡಿ ಅಂಟಿಸಿದ್ದರು. ಹಳದಿ ಇಲ್ಲ, ಕೆಂಪು ಇಲ್ಲ, ಬರೀ ಬಿಳಿ.

"ಏನ್ರೀ ಇದು? ಬಕೆಟ್ಟಿನ ಸೇಡಾ?"

"ಅಲ್ಲ." ಪಕ್ಕದಲ್ಲೇ ಇದ್ದ ತೇಪೆ ತಡವರಿಸಿದ. "ಒಂದ್ ಮಾತು ಹೇಳ್ಲಾ? ಎಲ್ಲರ ಹಾಳೆನೂ ನಡುವೆ ಹರಿಯುತ್ತೆ. ನಿಮ್ಮದು ಮಾತ್ರ ಹಳದಿಯ ಕೆಳಗೆ ಹರಿಯುತ್ತೆ. ಒಂದೇ ಜಾಗದಲ್ಲಿ, ಅಂಗೈಯಷ್ಟು ಅಗಲದಲ್ಲಿ. ಅಂದ್ರೆ ಕೈ ಚೆನ್ನಾಗೇ ಇದೆ. ಮೇಲೆ ಹೋಗೋಷ್ಟರಲ್ಲೇ ಬಿಟ್ಟುಬಿಡ್ತಿದೀರಿ."

ಏಳು ತಿಂಗಳಲ್ಲಿ ಕೈ ಚೆನ್ನಾಗಿದೆ ಎಂದು ಯಾರೂ ಅಂದಿರಲಿಲ್ಲ.

"ನೀವೂ ಬಿಲ್ಲು ಹಿಡಿದಿದ್ರಾ?"

"ಒಂದು ದಿನಾನೂ ಇಲ್ಲ. ನಂಗೆ ಗೊತ್ತಿರೋದು ಹಾಳೆ ಮಾತ್ರ. ಮೂರು ವರ್ಷದ ಹಿಂದೆ ಇನ್ನೊಬ್ಬರ ಹಾಳೆ ಹೀಗೇ ಹರೀತಿತ್ತು. ನನಗ್ಯಾಕೆ ಅಂತ ಬಾಯ್ಮುಚ್ಕೊಂಡು ತೇಪೆ ಹಾಕ್ತಿದ್ದೆ. ಅವರು ಬಿಲ್ಲು ಬಿಟ್ಟೇ ಹೋದ್ರು. ಆಮೇಲೆ ಹಳೇ ಕೋಚನ್ನ ಹುಡುಕ್ಕೊಂಡು ಹೋಗಿ ಕೇಳಿದೆ, ಏನು ಮಾಡಬೇಕಿತ್ತು ಅಂತ. ಬಿಳಿ ಹಾಳೆ ಅಂದ್ರು."

ಐದು ಹೆಜ್ಜೆ ದೂರ ನಿಂತು ಬಿಳಿ ಹಾಳೆಗೆ ಹೊಡೆಯುವುದು. ಗುರಿಯೇ ಇಲ್ಲವಾದ್ದರಿಂದ ಅವಸರವೂ ಇಲ್ಲ. ಎರಡು ವಾರ ಅದೇ. ಬೆರಳು ಮೊದಲ ಸಲ ಅವಳ ಮಾತು ಕೇಳಿತು.

ಮೂರನೇ ವಾರ ಹಳದಿ ಮತ್ತೆ ಬಂತು.

"ಇವತ್ತು ಎಳೀರಿ, ಮೂರು ಎಣಿಸಿ, ಹಾಗೇ ಇಳಿಸಿ. ಬಾಣ ಬಿಡಬೇಡಿ."

"ಬಿಡದೇ ಇರೋಕೆ ಬಿಲ್ಲು ಯಾಕೆ ಬೇಕು? ಕೋಲು ಹಿಡ್ಕೊಂಡು ನಿಂತ್ರೂ ನಡೆಯುತ್ತೆ."

"ಕೋಲಾದ್ರೆ ನನ್ನ ಬಕೆಟ್ಟೂ ಉಳೀತಿತ್ತು."

ಅವಳು ನಕ್ಕಳು. ನಗುತ್ತಲೇ ಎಳೆದಳು. ಒಂದು... ಟಪ್! ಬಾಣ ಹೋಯಿತು. ಮತ್ತೆ ಎಳೆದಳು. ಒಂದು, ಎರಡು... ಹೋಯಿತು. ಇಪ್ಪತ್ತನೇ ಸಲಕ್ಕೆ ಮೂರರವರೆಗೆ ಎಣಿಸಿ, ಬಿಲ್ಲು ಇಳಿಸಿದಳು. ಬಾಣ ಹೆದೆಯ ಮೇಲೇ ಇತ್ತು!

ತೇಪೆ ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಸುರಿದು ಅವಳ ಮುಂದೆ ಹಿಡಿದ.

*ಇವನ ಕೈಗೆ ಯಾವಾಗಲೂ ಅಂಟಿನ ವಾಸನೆ,* ಅಂದುಕೊಂಡಳು. *ಅದು ನನಗೆ ಯಾವಾಗಿಂದ ಇಷ್ಟವಾಗೋಕೆ ಶುರುವಾಯ್ತು?*

ಆರನೇ ವಾರದಲ್ಲಿ ಎಲ್ಲ ಕೆಟ್ಟಿತು.

ಅಂದು ಬೆಳಿಗ್ಗೆ ಕೋಚ್ ಬಂದು, "ನಿನ್ನ ಬಾಣ ಎಲ್ಲ ಹಳದಿ ಕೆಳಗೇ ಬೀಳ್ತಿದ್ವಂತೆ?" ಎಂದು ಕೇಳಿ ಹೋಗಿದ್ದರು. ಯಾರು ಹೇಳಿದರು ಇವರಿಗೆ? ಬಾಣದ ಕಿತ್ತುಹೋದ ಗರಿಗೆ ಅಂಟು ಕೇಳಲು ಅವಳು ತೇಪೆಯ ಶೆಡ್ಡಿಗೆ ಹೋದಳು. ಕಪಾಟಿನ ಮೇಲೆ ಸುರುಳಿ ಸುತ್ತಿದ ಒಂದು ಕಂತೆ. ಮೇಲೆ 'ಏಳು' ಎಂದು ಬರೆದಿತ್ತು. ಬಿಚ್ಚಿದಳು. ಮೊದಲ ಹಾಳೆಯಲ್ಲಿ ಅವಳ ಹಳೆಯ ತೂತುಗಳು, ಸುತ್ತ ಕೆಂಪು ಪೆನ್ಸಿಲ್ಲಿನ ಗೆರೆ, ಪಕ್ಕದಲ್ಲಿ ತಾರೀಖು.

ತೇಪೆ ಒಳಗೆ ಬಂದ.

"ನನ್ನ ಸೋಲನ್ನ ಕಂತೆ ಕಟ್ಟಿ ಇಟ್ಟಿದ್ದೀರಾ? ಕೋಚಿಗೆ ತೋರಿಸೋಕಾ?"

"ತೋರಿಸಿದ್ದು ನಿಜ, ಆದ್ರೆ..."

"ಸಾಕು! ಚಹಾ ಕುಡಿಸಿ ಚಾಡಿ ಹೇಳಿದ್ರಿ. ನಾಚಿಕೆ ಆಗ್ಬೇಕು ನಿಮಗೆ!"

ಅವನ ಬಾಯಿ ತೆರೆದೇ ಇತ್ತು. ಅವಳು ಅಷ್ಟರಲ್ಲಿ ಬಾಗಿಲು ದಾಟಿದ್ದಳು.

ಹನ್ನೊಂದು ದಿನ ಮಾತಿಲ್ಲ. ಆದರೂ ದಿನವೂ ಬೆಳಿಗ್ಗೆ ಏಳನೇ ಗುರಿಯ ಪಕ್ಕದಲ್ಲಿ ಒಂದು ಬಿಳಿ ಹಾಳೆ ಅಂಟಿರುತ್ತಿತ್ತು. ಅವಳು ಬರುವ ಮೊದಲೇ ಅಂಟಿಸಿ ಹೋಗುತ್ತಿದ್ದ. ಇನ್ನೊಂದು ವಿಚಿತ್ರವೆಂದರೆ, ಕೋಚ್ ಇನ್ನೂರು ಬಾಣದ ಮಾತು ಎತ್ತುವುದನ್ನೇ ಬಿಟ್ಟಿದ್ದರು.

ಪಂದ್ಯದ ಹಿಂದಿನ ದಿನ ಊಟದ ಹೊತ್ತಿಗೆ ಅಕ್ಕನ ಫೋನ್ ಬಂತು. ಅವಳು ಎಲ್ಲ ಹೇಳಿಕೊಂಡು ಅತ್ತಳು.

"ಅದಕ್ಕೆ ಅವನು ಏನಂದ?"

"ಏನೋ ಹೇಳೋಕೆ ಬಂದ. ನಾನು ಹೊರಗೆ ಬಂದೆ."

"ಪೂರ್ತಿ ಕೇಳ್ಲಿಲ್ವಾ?"

"ಇಲ್ಲ."

"ಕಂತೆಯಾದ್ರೂ ಪೂರ್ತಿ ನೋಡಿದ್ಯಾ?"

"...ಮೊದಲನೇ ಹಾಳೆ."

ಅಕ್ಕ ನಿಟ್ಟುಸಿರು ಬಿಟ್ಟಳು. "ಅಲ್ಲೂ ಮೂರು ಎಣಿಸ್ಲಿಲ್ಲ ಅನ್ನು. ಹೋಗೇ, ಮೊದಲು ಹೋಗಿ ನೋಡು!"

ಶೆಡ್ಡಿನಲ್ಲಿ ಯಾರೂ ಇರಲಿಲ್ಲ. ಕಂತೆ ಅಲ್ಲೇ ಇತ್ತು. ಈ ಸಲ ನೆಲದ ಮೇಲೆ ಕೂತು ಒಂದೊಂದಾಗಿ ಬಿಡಿಸಿದಳು. ಮೊದಲ ಹಾಳೆಯಲ್ಲಿ ತೂತುಗಳು ತೀರಾ ಕೆಳಗೆ, ಕಪ್ಪಿನಲ್ಲಿ. ಮುಂದೆ ನೀಲಿಗೆ ಬಂದಿದ್ದವು. ಆಮೇಲೆ ಕೆಂಪಿಗೆ. ಕೊನೆಯ ಎರಡು ಹಾಳೆಗಳಲ್ಲಿ ಹಳದಿಯೇ ಹರಿದಿತ್ತು. ಅವಳ ಬಾಣಗಳು ಆರು ವಾರದಲ್ಲಿ ಇಂಚಿಂಚು ಮೇಲೆ ಹತ್ತಿದ್ದವು, ಅವಳಿಗೇ ಗೊತ್ತಿಲ್ಲದೆ.

ಹಾಳೆ ತಿರುಗಿಸಿದಳು. ಹಿಂಬದಿಯಲ್ಲಿ ಪೆನ್ಸಿಲ್ ಅಕ್ಷರ.

'ಇವತ್ತು ಒಂದು ಸಲ ಇಳಿಸಿದರು.' 'ಇವತ್ತು ಒಂಬತ್ತು ಸಲ.' 'ಇವತ್ತು ನಕ್ಕರು. ಬಾಣ ಎಣಿಸಲು ಮರೆತೆ.'

ಒಂದರ ಮೇಲೆ ಕೋಚಿಗೆ ಬರೆದ ನಾಲ್ಕು ಸಾಲು: 'ಸರ್, ಕಂತೆ ಪೂರ್ತಿ ನೋಡಿ. ಈ ಕೈಗೆ ಏನೂ ಆಗಿಲ್ಲ. ದಯವಿಟ್ಟು ಇನ್ನೂರರ ಲೆಕ್ಕ ಕೇಳಬೇಡಿ. ಪಂದ್ಯದವರೆಗೆ ಟೈಮ್ ಕೊಡಿ.' ಕೆಳಗೆ ಕೋಚ್ ಸಹಿ ಹಾಕಿ ಬರೆದಿದ್ದರು: 'ಆಗಲಿ.'

ಅವಳು ಹಾಳೆಯನ್ನು ಎದೆಗೊತ್ತಿಕೊಂಡಳು. ಇಷ್ಟು ತಾಳ್ಮೆಯಿಂದ ತನ್ನನ್ನು ಯಾರೂ ನೋಡಿರಲಿಲ್ಲ. ತಾನೂ ನೋಡಿಕೊಂಡಿರಲಿಲ್ಲ.

ಮರುದಿನದ ಪಂದ್ಯ. ಒಂದೊಂದು ಸುತ್ತಿಗೆ ನಾಲ್ಕು ನಿಮಿಷ, ಆರು ಬಾಣ. ಹನ್ನೊಂದು ಸುತ್ತು ಹೇಗೋ ಸಾಗಿದವು. ಅವಳು ಏಳನೇ ಸ್ಥಾನದಲ್ಲಿದ್ದಳು. ಕೊನೆಯ ಸುತ್ತಿನ ಕೊನೆಯ ಬಾಣಕ್ಕೆ ಎಳೆದಾಗ ಹಳದಿ ದಿಢೀರನೆ ಊದಿಕೊಂಡಂತೆ ಕಂಡಿತು. ಬೆರಳು ಜಾರತೊಡಗಿತು.

*ಇಲ್ಲ. ನೀನು ಹೋಗಲ್ಲ. ನಾನು ಬಿಟ್ಟರೆ ಮಾತ್ರ ಹೋಗ್ತೀಯ.*

ಒಂದು, ಎರಡು, ಮೂರು. ಬಿಲ್ಲು ಇಳಿಸಿದಳು. ಮತ್ತೆ ಎತ್ತುವಷ್ಟರಲ್ಲಿ ಸಮಯ ಮುಗಿದ ಸೀಟಿ ಕೂಗಿತು. ಬಾಣ ಅವಳ ಕೈಯಲ್ಲೇ ಉಳಿಯಿತು. ಆ ಅಂಕಗಳು ಹೋದವು.

ಪಟ್ಟಿ ಅಂಟಿಸಿದರು. ಅವಳು ಎಂಟನೆಯವಳು. ಒಂಬತ್ತನೆಯವಳಿಗಿಂತ ಎರಡೇ ಅಂಕ ಹೆಚ್ಚು.

ಓಡಿದಳು. ತೇಪೆ ಶೆಡ್ಡಿನ ಮುಂದೆ ಏಳನೇ ಗುರಿಯ ಹಾಳೆ ಬಿಡಿಸಿಕೊಂಡು ಕೂತಿದ್ದ. ಹಳದಿ ಚಿಂದಿಯಾಗಿತ್ತು.

"ನಡುವೆ ಹರಿದಿದ್ದೀರಿ," ಎಂದ, ತಲೆ ಎತ್ತದೆ. "ದೊಡ್ಡ ತೇಪೆನೇ ಬೇಕು."

"ಹಾಳೆಗಳ ಹಿಂಬದಿ ಓದಿದೆ."

ಅವನ ಕೈ ನಿಂತಿತು.

"ನಿಮ್ಮ ಬಗ್ಗೆ ಕೆಟ್ಟದಾಗಿ ಮಾತಾಡಿದೆ. ತಪ್ಪಾಯ್ತು. ಏಳು ತಿಂಗಳು ಎಲ್ಲರೂ ನನ್ನ ಅಂಕ ನೋಡಿದ್ರು. ನೀವೊಬ್ರೇ ನನ್ನ ಹಾಳೆ ನೋಡಿದ್ರಿ. ಥ್ಯಾಂಕ್ಸ್ ಅನ್ನೋದು ತುಂಬ ಸಣ್ಣ ಮಾತು... ಆದ್ರೂ ಥ್ಯಾಂಕ್ಸ್." ಶೆಡ್ಡಿನ ಗೋಡೆಗೆ ಒರಗಿ ನಿಂತಳು. "ಅವತ್ತು ಏನೋ ಹೇಳೋಕೆ ಬಂದಿದ್ರಲ್ಲ. ಈಗ ಹೇಳಿ. ನಾನು ಎಲ್ಲೂ ಹೋಗಲ್ಲ."

ತೇಪೆ ಎದ್ದು ನಿಂತ. ಬಾಯಿ ತೆರೆದ, ಮುಚ್ಚಿದ. ಕೈಯ ಅಂಟನ್ನು ಏಪ್ರನ್ನಿಗೆ ಒರೆಸಿದ. ಅವಳು ಮನಸ್ಸಿನಲ್ಲೇ ಎಣಿಸಿದಳು. ಒಂದು, ಎರಡು, ಮೂರು... ಒಂಬತ್ತರವರೆಗೂ ಕಾದಳು.

"ಬಕೆಟ್ ನಾನು ಮರೆತು ಇಟ್ಟಿದ್ದಲ್ಲ," ಎಂದ ಕೊನೆಗೆ. "ನಿಮ್ಮ ಗುರಿಯ ಹತ್ರ ಏನಾದ್ರೂ ಬಿಟ್ಟು ಹೋದ್ರೆ, ಅದನ್ನ ತಗೊಳ್ಳೋ ನೆಪದಲ್ಲಿ ನಿಮ್ಮನ್ನ ಮಾತಾಡಿಸಬಹುದು ಅಂತ. ಎರಡು ವರ್ಷದಿಂದ ನೋಡ್ತಿದ್ದೆ. ಇಷ್ಟ ಅಂತ ಹೇಳೋಕೆ... ನನಗೆ ಬೆರಳೇ ಸಡಿಲಾಗ್ತಿರ್ಲಿಲ್ಲ."

ಅವಳು ಅಳುತ್ತಲೇ ನಕ್ಕುಬಿಟ್ಟಳು. "ನಾನು ದುಡುಕಿ, ನೀನು ಹೀಗೆ! ನಮ್ಮಿಬ್ಬರನ್ನ ಕೂಡಿಸಿ ಎರಡು ಭಾಗ ಮಾಡಿದ್ರೆ ಒಬ್ಬ ಸರಿಯಾದ ಮನುಷ್ಯ ಸಿಗ್ತಾನೆ."

"'ನೀನು' ಅಂದ್ರಿ."

"ಹೂಂ, ಅಂದೆ. ಎಣಿಸಿಕೊಂಡೇ ಅಂದೆ."

ಅವನ ಕೈ ಹಿಡಿದಳು. ಅಂಟು ಇನ್ನೂ ಒಣಗಿರಲಿಲ್ಲ.

"ಬಿಡ್ಬೇಕು ಅಂದ್ರೂ ಈಗ ಆಗಲ್ಲ," ಎಂದ.

"ಯಾರು ಬಿಡ್ತಾರೆ?"

ಆ ಎಂಟು ವಾರದಲ್ಲಿ ಕಳೆದುಹೋದದ್ದು ಇಷ್ಟು: ಹುಲ್ಲಿನಲ್ಲಿ ಸಿಗದೇ ಹೋದ ಬಾಣ ನಾಲ್ಕು, ಬಿಡದೇ ಉಳಿದ ಬಾಣ ಒಂದು, ಬಕೆಟ್ಟು ಒಂದು, ಮಾತಿಲ್ಲದ ದಿನ ಹನ್ನೊಂದು.